ಗರಸು ದಿಣ್ಣೆಯ ಮೇಲಿನ ಎರಡು ಸಾಲು

ವೈನ್ ಕಂಪನಿಯ ಜೀಪು ಬಂದಾಗ ಅಶ್ವತ್ಥಪ್ಪ ದಿಣ್ಣೆಯ ತುದಿಯಲ್ಲಿ, ಮೇಲಿನ ಎರಡು ಸಾಲು ಬಳ್ಳಿಗಳಿಗೆ ಅಡ್ಡವಾಗಿ ನಿಂತಿದ್ದ. ಉಟ್ಟ ಪಂಚೆಯಲ್ಲೇ ಅವನ್ನು ಮುಚ್ಚಿಬಿಡುವವನ ಹಾಗೆ.

ಹೊಸೂರು ಬಳಿಯ ಸಾನಮಾವಿನ ಕಾಡಂಚಿನ ಈ ದಿಣ್ಣೆಯಲ್ಲಿ ಹುರುಳಿ ಬಿಟ್ಟರೆ ಬೇರೇನೂ ಬೆಳೆದದ್ದಿಲ್ಲ. ಗುದ್ದಲಿಯ ಮೊದಲ ಏಟಿಗೆ ಕೆಂಪು ಮಣ್ಣು, ಎರಡನೆಯದಕ್ಕೆ ಗರಸುಕಲ್ಲು, ಮೂರನೆಯದಕ್ಕೆ ಕಿಡಿ. ಸೊಸೆ ಭಾನು ಮತ್ತಿಗಿರಿಯ ಫ್ಯಾಕ್ಟರಿ ಕೆಲಸ ಬಿಟ್ಟು, ಇಲ್ಲಿ ವೈನ್ ದ್ರಾಕ್ಷಿ ಹಾಕುತ್ತೇನೆ ಎಂದಾಗ ಊರೇ ನಕ್ಕಿತ್ತು.

"ಬಂಡೆ ಮ್ಯಾಲೆ ಹೆಂಡದ ಗಿಡ ಹಾಕ್ತಾಳಂತಲ್ಲ ಕಣ್ಲಾ ನಿನ್ ಸೊಸೆ," ಎಂದಿದ್ದ ಗೆಳೆಯ ಆವುಲಪ್ಪ.

"ಬುಡಕ್ಕೆ ಲೋಟ ಹಿಡ್ಕೊಂಡು ನೀನು ಬರ್ದಿದ್ರೆ ಸಾಕು, ಹೋಗ್ಲಾ," ಎಂದಿದ್ದ ಅಶ್ವತ್ಥಪ್ಪ.

ಆದರೆ ಬಳ್ಳಿಗಳ ಸೊರಗಿದ ಮೈ ನೋಡಿದರೆ ಅವನ ಕರುಳು ಚುರುಕ್ ಎನ್ನುತ್ತಿತ್ತು. ಭಾನು ಬಿಡಿಸಿ ಹೇಳಿದ್ದಳು: "ನಮ್ ಹೊಸೂರು ಸೀಮೆ ಎತ್ತರದಾಗೈತೆ ಮಾವ. ಹಗಲು ಬಿಸ್ಲು ಸಿಹಿ ತುಂಬ್ತೈತೆ, ರಾತ್ರಿ ಕಾಡಿನ ತಣ್ಗಾಳಿ ಹುಳಿ ಉಳಿಸ್ತೈತೆ. ಗರಸ್ನಾಗೆ ನೀರು ನಿಲ್ಲಲ್ಲ, ಬೇರು ನೀರು ಹುಡಿಕ್ಕೊಂಡು ಆಳಕ್ಕೆ ಹೋಗ್ತೈತೆ. ಒಸಿ ಕಷ್ಟ ಬಿದ್ರೇನೇ ಹಣ್ಣಿನಾಗೆ ಗಟ್ಟಿ ರಸ."

"ಹೊಟ್ಟೆಗಿಕ್ಕದೆ ಸಿಹಿ ಕೇಳೋದು ಯಾವೂರ ನ್ಯಾಯ ಮಗಾ?"

ಅವಳು ನಕ್ಕಳು. ಅವನಿಗೆ ನಗು ಬರಲಿಲ್ಲ. ಅವನ ಮನೆಯಲ್ಲಿ ಎತ್ತಾಗಲಿ ನಾಯಿಯಾಗಲಿ ಹಸಿದು ಮಲಗಿದ್ದಿಲ್ಲ. ಕಳೆದ ಬೇಸಿಗೆ ಭಾನು ರಾಯಕೋಟೆಯ ತವರಿಗೆ ಹೋದದ್ದೇ ತಡ, ಬತ್ತಿದ ಕೆರೆಯಿಂದ ಕಪ್ಪು ಗೋಡುಮಣ್ಣನ್ನು ಮಂಕರಿಯಲ್ಲಿ ಹೊತ್ತು ತಂದು ಬಳ್ಳಿಗಳ ಬುಡಕ್ಕೆ ಸುರಿಯತೊಡಗಿದ. ಕೆರೆಗೋಡು ಬೇಡವೆಂದ ಹೊಲವನ್ನು ಅವನ ಅಪ್ಪನೂ ಕಂಡಿರಲಿಲ್ಲ. ಎರಡು ಸಾಲು ಮುಗಿಯುವಷ್ಟರಲ್ಲಿ ಸೊಂಟ ಹಿಡಿದುಕೊಂಡಿತು.

ಭಾನು ಬಂದು ನೋಡಿದಳು. ಬುಡದ ಗೋಡನ್ನು ಕಾಲ್ಬೆರಳಿನಿಂದ ಕೆದಕಿದಳು. ಆಮೇಲೆ, "ಸೊಂಟಕ್ಕೆ ಎಣ್ಣೆ ಹಚ್ಕೊಂಡ್ರಾ ಮಾವ?" ಎಂದಷ್ಟೇ ಕೇಳಿದಳು.

ಮಳೆ ಬಿದ್ದ ಮೇಲೆ ಆ ಎರಡು ಸಾಲು ಕೊಬ್ಬಿದ್ದೇ ಕೊಬ್ಬಿದ್ದು. ಊಟಕ್ಕೆ ಹಾಕಬಹುದಾದಷ್ಟು ಅಗಲದ ಎಲೆ, ಗೊಂಚಲು ಮಾತ್ರ ಅಲ್ಲೊಂದು ಇಲ್ಲೊಂದು. ತಪ್ಪು ಯಾರೂ ಹೇಳದೆಯೇ ತಿಳಿಯಿತು. ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಅವನು ಗೋಡು ಹಾಕಿದ್ದು ಮೇಲಿನ ಸಾಲುಗಳಿಗೆ. ಮಳೆನೀರು ಅದರ ಸಾರವನ್ನೆಲ್ಲ ಇಳಿಜಾರಿನಲ್ಲಿ ಹೊತ್ತೊಯ್ದು ಕೆಳಗಿನ ಬಳ್ಳಿಗಳಿಗೂ ಉಣಿಸಿದ್ದರೆ? ಸಿಹಿ ಸಾಲದಿದ್ದರೆ ಕಂಪನಿಯವರು ಒಂದು ಗೊಂಚಲೂ ಮುಟ್ಟುವುದಿಲ್ಲ. ಸೊಸೆಯ ಮೊದಲ ಫಸಲು ತನ್ನ ಕೈಯಿಂದಲೇ ಹಾಳಾದಂತೆ.

ಕಂಪನಿಯ ಕುಮಾರೇಶ್ ಜೀಪಿನಿಂದಿಳಿದ. "ವಣಕ್ಕಂ ಐಯಾ! ಏನು, ಅಲ್ಲಿ ಕಾವಲು ನಿಂತ್ಬಿಟ್ಟಿದ್ದೀರಾ? ಆನೆ ಬಂದಿತ್ತಾ?"

"ಆನೆ ಬಂದಿದ್ರೇ ವಾಸಿ ಇತ್ತು ಸಾಮಿ. ಬಂದಿದ್ದು ನಾನು, ಕೆರೆಗೋಡು ಹೊತ್ಕೊಂಡು."

ಕುಮಾರೇಶ್ ಕೆಳಗಿನ ಸಾಲಿನ ಒಂದು ಹಣ್ಣು ಹಿಸುಕಿ, ಸಿಹಿ ಅಳೆಯುವ ಕೊಳವೆಯ ಗಾಜಿಗೆ ರಸ ಬಿಟ್ಟು, ಬಿಸಿಲಿಗೆ ಹಿಡಿದು ನೋಡಿದ. ತಲೆಯಾಡಿಸಿದ. ನಡುವಿನ ಸಾಲಿಗೆ ಬಂದ. ಮತ್ತೆ ನೋಡಿದ. ಗೋಡು ಹಾಕಿದ ಸಾಲಿಗೆ ತಾಗಿದಂತಿದ್ದ ಬಳ್ಳಿಗೆ ಕೈ ಹಾಕಿದಾಗ ಅಶ್ವತ್ಥಪ್ಪ ಕೊಳವೆಯ ಹತ್ತಿರಕ್ಕೇ ಬಾಗಿದ.

"ಸೂಪರ್‌ ಅಮ್ಮಾ!" ಎಂದ ಕುಮಾರೇಶ್, ಪಕ್ಕದಲ್ಲಿ ನಿಂತಿದ್ದ ಭಾನುವಿನ ಕಡೆ ತಿರುಗಿ. "ಗರಸಲ್ವಾ, ನೀರು ಅಲ್ಲಲ್ಲೇ ಇಂಗಿ ಆಳಕ್ಕೆ ಹೋಗ್ಬಿಟ್ಟಿದೆ. ಕೆಳಗೆ ಹರಿದೇ ಇಲ್ಲ." ಮೇಲಿನ ಸಾಲಿನ ಹಣ್ಣು ನೋಡಿ ಮುಖ ಸಿಂಡರಿಸಿದ. "ಈ ಎರಡು ಬೇಡ, ಬರೀ ನೀರು. ಮಿಕ್ಕಿದ್ದೆಲ್ಲ ನಾಳೆ ಬಿಸಿಲೇರೋ ಮುಂಚೆ ಕೊಯ್ದಿಡಿ."

ಭಾನು ಸೆರಗಿನಿಂದ ಮುಖ ಒರೆಸಿಕೊಂಡಳು, ಕಣ್ಣೂ ಸೇರಿಸಿ.

ಜೀಪು ಹೋದ ಮೇಲೆ ಅಶ್ವತ್ಥಪ್ಪ ಮೇಲಿನದೊಂದು, ಕೆಳಗಿನದೊಂದು ಹಣ್ಣು ಬಾಯಿಗೆ ಹಾಕಿಕೊಂಡ. "ನಿಂದು ಉಪಾಸ ಇದ್ದು ಸಿಹಿ ಆಗೈತೆ. ನಂದು ಉಂಡು ಮಲಗ್ಬುಟ್ಟೈತೆ," ಎಂದ. "ಈ ಬ್ಯಾಸ್ಗೇಲಿ ಆ ಗೋಡೆಲ್ಲ ಕೆರೆದು ತೆಗೆದ್ಬುಡ್ತೀನಿ ಮಗಾ."

"ಬ್ಯಾಡ ಮಾವ. ಆ ಎರಡು ಸಾಲು ಮನೆಗಿರ್ಲಿ. ಅವಕ್ಕೆ ನೀವು ಎಷ್ಟು ಬೇಕಾದ್ರೂ ಇಕ್ಕಿ."

"ನನ್ ಸೊಂಟ?"

"ಮಂಕರಿ ನಾನು ಹೊರ್ತೀನಿ. ನೀವು ಸುರೀರಿ."

ಅವನು ಹಗುರಾಗಿ ದಿಣ್ಣೆ ಇಳಿಯತೊಡಗಿದ. ಅರ್ಧ ದಾರಿಯಲ್ಲಿ ನಿಂತು, ಕೆಳಗಿನ ಸೊರಗಿದ ಬಳ್ಳಿಯೊಂದನ್ನು ಸವರಿದ.

"ಪಾಪ, ಇವಕ್ಕೂ ಒಂದೇ ಒಂದು ಹಿಡಿ..."

"ಮಾವ!"