ನೀರಾಗುತ್ತಿದ್ದ ಕಸ್ಟರ್ಡ್

ಅತ್ತೆಯ ಕೈಯ ಕಸ್ಟರ್ಡ್ ಎಂದರೆ ಚಮಚ ನೆಟ್ಟರೆ ಅಲುಗಾಡದಷ್ಟು ಗಟ್ಟಿ. ಈಚೆಗೆ ಮಾತ್ರ ಬೆಳಿಗ್ಗೆ ಕಾಯಿಸಿ ಅಡುಗೆಮನೆಯ ಕಟ್ಟೆಯ ಮೇಲೆ ಆರಲಿಟ್ಟದ್ದು ಊಟದ ಹೊತ್ತಿಗೆ ನೀರು ನೀರಾಗುತ್ತಿತ್ತು. ಅವರು ಹಾಲಿನವನನ್ನು ತರಾಟೆಗೆ ತೆಗೆದುಕೊಂಡರು, ಕಾರ್ನ್‌ಫ್ಲೋರ್ ತರುವ ಅಂಗಡಿಯನ್ನೇ ಬದಲಿಸಿದರು. ಏನೂ ಪ್ರಯೋಜನವಾಗಲಿಲ್ಲ. ವಯಸ್ಸಾಗಿ ತಮ್ಮ ಕೈಯೇ ಕೆಟ್ಟಿತೇನೋ ಎಂದು ಒಳಗೊಳಗೇ ಕೊರಗಿದರು.

ಸೊಸೆ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷಿಸುವವಳು. ರಜೆಯ ದಿನ ಬಟ್ಟಲನ್ನು ಓರೆಮಾಡಿ ನೋಡಿ ಕೇಳಿದಳು, "ಅತ್ತೆ, ಇದಕ್ಕೆ ಯಾರಾದ್ರೂ ಎಂಜಲು ಚಮಚ ಹಾಕಿದ್ರಾ?"

"ನಮ್ಮನೇಲಿ ಯಾರಮ್ಮ ಹಾಗೆ ಮಾಡ್ತಾರೆ?"

ಮೂಲೆಯಲ್ಲಿ ಕೂತಿದ್ದ ಮಾವ ಪತ್ರಿಕೆಯನ್ನು ಮುಖಕ್ಕೆ ಇನ್ನಷ್ಟು ಹತ್ತಿರ ತಂದುಕೊಂಡರು.

"ಎಂಜಲಲ್ಲಿ ಒಂದು ಕಿಣ್ವ ಇರುತ್ತೆ. ಕಸ್ಟರ್ಡನ್ನ ಗಟ್ಟಿಯಾಗಿ ಹಿಡಿದಿರೋ ಪಿಷ್ಟದ ಉದ್ದುದ್ದ ಸರಪಳಿಗಳನ್ನ ಅದು ಕತ್ತರಿಸಿಹಾಕುತ್ತೆ. ಬಾಯಲ್ಲೇ ಜೀರ್ಣ ಶುರುವಾಗಲಿ ಅಂತ ಇರೋ ಏರ್ಪಾಡು ಅದು. ಒಂದನ್ನ ಕತ್ತರಿಸಿದ್ರೆ ಕಿಣ್ವ ಖರ್ಚಾಗಲ್ಲ, ಇನ್ನೊಂದಕ್ಕೆ ಹೋಗುತ್ತೆ. ಅದಕ್ಕೇ ಚಮಚಕ್ಕೆ ಅಂಟಿದಷ್ಟು ಎಂಜಲಿದ್ರೂ ಸಾಕು."

ಅತ್ತೆ ಗಂಡನ ಕಡೆ ತಿರುಗಿದರು. "ಏನ್ರೀ?"

"ಸಕ್ಕರೆ ಸರಿಯಾಗಿದೆಯಾ ಅಂತ ನೋಡ್ದೆ," ಎಂದರು ಮಾವ, ಪತ್ರಿಕೆಯ ಹಿಂದಿನಿಂದಲೇ. "ಒಂದೇ ಸಲಕ್ಕೆ ಗೊತ್ತಾಗಲ್ಲ ಕಣೇ."

ಅತ್ತೆಗೆ ಸಿಟ್ಟಿಗಿಂತ ಮೊದಲು ನಗು ಬಂತು. ಮನಸ್ಸು ಹೂವಿನಷ್ಟು ಹಗುರಾಯಿತು. ಆಗಲೇ ಹೊಸದಾಗಿ ಕಸ್ಟರ್ಡ್ ಕಾಯಿಸಿ, ಗಂಡನಿಗೆಂದು ಒಂದು ಸಣ್ಣ ಬಟ್ಟಲನ್ನು ಬೇರೆಯೇ ತುಂಬಿಟ್ಟರು. ಅದು ಗಟ್ಟಿಯಾಗುವವರೆಗೆ ಮಾವ ಕಾಯಲಿಲ್ಲ.