ಚಂದ್ರನಿಗೆ ಹೋಗುವ ಬಸ್ಸು

ಐದನೆಯ ಕಂತು ಬರುತ್ತಿದ್ದ ಭಾನುವಾರ ಪ್ರಾಣೇಶನ ತಾಯಿ ಜಯಾಬಾಯಿ ನಡುವೆಯೇ ಎದ್ದು ರೇಡಿಯೋ ಬಂದ್ ಮಾಡಿಬಿಟ್ಟರು.

ಪ್ರಾಣೇಶ ಮಾನ್ವಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ರಾಯಚೂರಿನ ಒಂದು ಸಣ್ಣ ರೇಡಿಯೋ ಕೇಂದ್ರಕ್ಕೆ ಅವನು ಬರೆಯುತ್ತಿದ್ದ ನಗೆ ಧಾರಾವಾಹಿಯ ಹೆಸರು ‘ದೇವದುರ್ಗ ಟು ಚಂದ್ರ’. ಮುದುಕ ಡ್ರೈವರನೊಬ್ಬ ದೇವದುರ್ಗದಿಂದ ಹಳೇ ಬಸ್ಸು ಹೊರಡಿಸಿ, ಸಿರವಾರದಲ್ಲಿ ಚಹಾ ಕುಡಿದು, ಸೀದಾ ಚಂದ್ರನಿಗೆ ಒಯ್ಯುತ್ತಾನೆ. ತೂಕ ಕಳೆದುಕೊಂಡ ಪ್ರಯಾಣಿಕರು ಟವೆಲ್ಲಿನಿಂದ ತಮ್ಮನ್ನು ಸೀಟಿಗೆ ಕಟ್ಟಿಕೊಳ್ಳುತ್ತಾರೆ. ಚಂದ್ರನ ಮೇಲಿನವರು ಇಳಿದವರನ್ನೆಲ್ಲ ಆಧಾರ್ ಕಾರ್ಡ್ ಕೇಳುತ್ತಾರೆ. ಎಲ್ಲಕ್ಕಿಂತ ಜನ ಹೆಚ್ಚು ನಗುತ್ತಿದ್ದುದು ಡ್ರೈವರನ ಹೆಂಡತಿಗೆ. ಟಿಕೆಟಿಲ್ಲದೆ ಬಸ್ಸು ಹತ್ತಿದ ಅವಳು ದಾರಿಯುದ್ದಕ್ಕೂ ಗಂಡನ ಮೇಲೆ ಕೂಗಾಡಿ ಒದರುತ್ತಿದ್ದಳು.

ಈ ಕಥೆ ಹೇಗೆ ಹೊಳೆಯಿತೆಂದು ಕೇಂದ್ರದವರು ಕೇಳಿದಾಗ, ಮಾಳಿಗೆಯ ಮೇಲೆ ಮಲಗಿ ಚಂದ್ರನನ್ನು ನೋಡುವಾಗ ಹೊಳೆಯಿತು ಎಂದು ಪ್ರಾಣೇಶ ಮೈಕಿನ ಮುಂದೆ ಹೇಳಿದ್ದ.

“ಇದು ಸರ್ವರಿ ಮನಿ ಮಾತು,” ಎಂದರು ಜಯಾಬಾಯಿ. “ಆಕಿ ನನ್ನ ಮುಂದ ಹೇಳಿದ್ದು. ನಿನ್ನ ಮುಂದ ಅಲ್ಲ.”

ಪ್ರಾಣೇಶನ ಮುಖಕ್ಕೆ ರಕ್ತ ನುಗ್ಗಿತು. ಹಿಂದಿನ ವರ್ಷ ತಾಯಿಯನ್ನು ದೇವದುರ್ಗದ ಸರ್ವರಿ ಬೇಗಂ ಅವರ ಬಳೆ ಅಂಗಡಿಗೆ ಕರೆದೊಯ್ದವನು ಅವನೇ. ಬಳೆ ತೊಡಿಸುತ್ತ ಸರ್ವರಿ ಬೇಗಂ ತಮ್ಮ ಗಂಡ ವಲಿ ಪಾಷಾ ಅವರ ಸ್ಥಿತಿ ಹೇಳಿಕೊಂಡಿದ್ದರು. ಮೂವತ್ತು ವರ್ಷ ದೇವದುರ್ಗ–ಮಾನ್ವಿ ಬಸ್ಸು ಓಡಿಸಿದ ಮನುಷ್ಯನಿಗೆ ಈಗ ನೆನಪು ಹೋಗಿದೆ. ಬೆಳಗಾದರೆ ಕುರ್ಚಿಯಲ್ಲಿ ಕೂತು ಊಟದ ತಟ್ಟೆಯನ್ನು ಸ್ಟೇರಿಂಗ್‌ನಂತೆ ತಿರುಗಿಸುತ್ತ ‘ಸಿರವಾರ, ಮಾನ್ವಿ, ಚಾಂದ್’ ಎಂದು, ಕೊನೆಗೆ ಚಂದ್ರನನ್ನೂ ಸೇರಿಸಿ ಕೂಗುತ್ತಾರೆ. ಹೆಂಡತಿಯ ಗುರುತಿಲ್ಲ, ಅವರನ್ನೂ ಟಿಕೆಟ್ ಕೇಳುತ್ತಾರೆ. ಸರ್ವರಿ ಬೇಗಂ ಒಂದು ಚೀಟಿ ತೋರಿಸಿ ಹಿಂದಿನ ಕುರ್ಚಿಯಲ್ಲಿ ಸುಮ್ಮನೆ ಕೂಡುತ್ತಾರೆ. ಅದನ್ನು ಹೇಳುವಾಗ ನಕ್ಕಿದ್ದರು, ಸೆರಗಿನಿಂದ ಕಣ್ಣೂ ಒರೆಸಿಕೊಂಡಿದ್ದರು. ಪಕ್ಕದ ಸ್ಟೂಲಿನ ಮೇಲೆ ಮೊಬೈಲ್ ನೋಡುತ್ತಿದ್ದವನಂತೆ ಕೂತ ಪ್ರಾಣೇಶ ಎಲ್ಲವನ್ನೂ ಅದರಲ್ಲಿ ಬರೆದುಕೊಂಡಿದ್ದ.

ಆ ಭಾನುವಾರದ ಮರುದಿನ ಪ್ರಾಣೇಶ ರಜೆ ಹಾಕಿ ದೇವದುರ್ಗಕ್ಕೆ ಹೋದ. ಹೇಳಬೇಕಾದ ಮಾತುಗಳನ್ನು ದಾರಿಯಲ್ಲಿ ಜೋಡಿಸಿಕೊಂಡಿದ್ದ. ಅಂಗಡಿಯ ಹಿಂದಿನ ಮನೆಯ ಪಡಸಾಲೆಗೆ ಅವನು ಕಾಲಿಡುತ್ತಲೇ ವಲಿ ಪಾಷಾ ತಟ್ಟೆ ತಿರುಗಿಸುವುದನ್ನು ನಿಲ್ಲಿಸಿ ಟಿಕೆಟ್ ಕೇಳಿದರು. ಪ್ರಾಣೇಶ ಅರಿವಿಲ್ಲದೆ ಜೇಬು ತಡಕಿದ.

“ಅವರದು ನಾ ತಗೊಂಡೀನ್ರಿ,” ಎಂದು ಸರ್ವರಿ ಬೇಗಂ ಒಳಗಿನಿಂದ ಬಂದು ಅವನಿಗೆ ಕುರ್ಚಿ ಹಾಕಿದರು. ಜೋಡಿಸಿಕೊಂಡ ಮಾತು ಬಿಟ್ಟು ಪ್ರಾಣೇಶ ಬಂದ ಕಾರಣವನ್ನು ತಡವರಿಸುತ್ತ ಹೇಳಿದ.

“ಮೊದಲ್ನೇ ದಿನಾನ ಗೊತ್ತಾತ್ರಿ ಮಾಸ್ತರ. ಇವ್ರು ಕೇಳಿ ನಗತಾರ. ಅದಕ್ಕ ಸಿಟ್ಟಿಲ್ಲ.” ದನಿ ಇಳಿಸಿ ಕೇಳಿದರು: “ಆದ್ರ ನಾ ಯಾವತ್ತರ ಇವರ ಮ್ಯಾಲ ಹಂಗ ಒದರೀನೇನ್ರಿ?”

ಅವರೇ ಮುಂದುವರಿಸಿ ಹೇಳಿದರು: ಓಣಿಯ ಹೆಂಗಸರು ಆ ಹೆಂಡತಿಯ ಮಾತನ್ನು ಅಣಕಿಸಿ ನಗುತ್ತಾರಂತೆ, ಅದು ತಾವೇ ಎಂದು ಯಾರಿಗೂ ತಿಳಿಯದಿರಲೆಂದು ಸರ್ವರಿ ಬೇಗಂ ಕೂಡ ಅವರೊಂದಿಗೆ ನಗುತ್ತಾರಂತೆ. ನಾಟಕ ನಿಲ್ಲಿಸಿಬಿಡುತ್ತೇನೆ ಎಂದ ಪ್ರಾಣೇಶ.

“ನಿಂದರಿಸಬ್ಯಾಡ್ರಿ. ಐತವಾರ ಬಂತಂದ್ರ ಇವ್ರು ರೇಡಿಯೋ ಮುಂದ ಕಾಯತಾರ.”

ತಮ್ಮ ಹೆಸರು ಮಾತ್ರ ಎಲ್ಲೂ ಬರಬಾರದೆಂದು ಹೇಳಿ ಅವರು ಚಹಾ ಮಾಡಲು ಎದ್ದರು.

ಆರನೆಯ ಕಂತಿನಲ್ಲಿ ಡ್ರೈವರನ ಹೆಂಡತಿ ಒದರಲಿಲ್ಲ. ಟಿಕೆಟ್ ತೋರಿಸಿ ಹಿಂದೆ ಕೂತಳು, ಗಂಡ ದಾರಿ ತಪ್ಪಿದಾಗ ಮೆಲ್ಲಗೆ ಹೇಳಿಕೊಟ್ಟಳು. ರೆಕಾರ್ಡಿಂಗ್ ಮುಗಿದ ಮೇಲೆ ಕೇಂದ್ರದ ಮುಖ್ಯಸ್ಥ ಮಹಾಂತಯ್ಯ, ನಗು ಕಡಿಮೆಯಾಯಿತು, ಆ ಒದರಾಟ ಮತ್ತೆ ತರಬೇಕು ಎಂದರು. ಆಗುವುದಿಲ್ಲ ಎಂದ ಪ್ರಾಣೇಶ. ಮಾಳಿಗೆಯ ಮಾತು ಸುಳ್ಳು, ಕಥೆ ತನ್ನದಲ್ಲ, ಒಬ್ಬರ ಮನೆಯದು, ಕೇಳದೆ ತಂದದ್ದು ಎಂದು ಹೆಸರು ಹೇಳದೆಯೇ ಒಪ್ಪಿಕೊಂಡ.

ಮಹಾಂತಯ್ಯ ನಕ್ಕು ಅವನ ಬೆನ್ನು ತಟ್ಟಿದರು. “ದೊಡ್ಡ ಬರಹಗಾರ್ರು ಹಿಂಗ ಅಂತಾರ ನೋಡ್ರಿ. ಎಳ್ಳಷ್ಟೂ ಜಂಬ ಇಲ್ಲ ನಿಮಗ.”

ಅವನು ಮತ್ತೊಮ್ಮೆ ಹೇಳಿದ. ಅವರು ಮತ್ತಷ್ಟು ಮೆಚ್ಚಿಕೊಂಡರು. ಪ್ರಾಣೇಶ ಹಾಳೆಗಳನ್ನು ಚೀಲಕ್ಕೆ ತುರುಕಿ, ತಲೆ ಎತ್ತದೆ ಮೆಟ್ಟಿಲಿಳಿದ.