ಕಾಲರಿನ ಗುಂಡಿ

ಅಕ್ಕ ನಡೆಯುವಾಗ ಆಯ ತಪ್ಪದಿರಲೆಂದು ಎಡಗೈ ಬೆರಳುಗಳು ಸದಾ ಗೋಡೆಯನ್ನು ಸವರುತ್ತಿದ್ದವು. ಗೋಡೆಯಿಲ್ಲದ ಬೀದಿಯಲ್ಲಿ ನನ್ನ ಭುಜವೇ ಅವಳಿಗೆ ಗೋಡೆ. ಹಾಲುಹಲ್ಲು ಬೀಳುವ ವಯಸ್ಸಿನಲ್ಲಿ ಅವಳ ಮೆದುಳಿನ ಗಡ್ಡೆಯನ್ನು ತೆಗೆದು, ತಲೆಗೂ ಬೆನ್ನುಹುರಿಗೂ ವಿಕಿರಣ ಕೊಟ್ಟು ಉಳಿಸಿದ್ದರು. ಆಮೇಲೆ ಕಾಲುಗಳು ಬೆಳೆದವು, ಬೆನ್ನು ಅಷ್ಟು ಬೆಳೆಯಲಿಲ್ಲ. ಕೊಂಡು ತಂದ ಯಾವ ಉಡುಪೂ ಮೈಗೆ ಹೊಂದದೆ ತಾನೇ ಹೊಲಿಗೆ ಕಲಿತಳು. ಕ್ರಮೇಣ ಊರಿನ ಗೂನುಬೆನ್ನು, ಸೊಟ್ಟಭುಜಗಳೆಲ್ಲ ಅವಳ ಅಂಗಡಿಯನ್ನೇ ಹುಡುಕಿಕೊಂಡು ಬಂದವು.

ಕೂತಲ್ಲಿ ಕೂರುವವಳಲ್ಲ. ಕಾಜ ಹೊಲಿಯುತ್ತಲೇ ಎದ್ದು ಕಿಟಕಿ ತೆರೆಯುವಳು, ಮರುಗಳಿಗೆಗೆ ಮುಚ್ಚುವಳು. "ಕಾಲಿಗೆ ಚಕ್ರ ಕಟ್ಕೊಂಡಿದ್ದೀಯಾ?" ಎಂದರೆ, "ಕೂತ್ರೆ ಯೋಚನೆ ಬರುತ್ತೆ, ನಿಂತ್ರೆ ಗಿರಾಕಿ ಬರ್ತಾರೆ" ಎನ್ನುವಳು. ವರ್ಷಕ್ಕೊಮ್ಮೆ ಆಸ್ಪತ್ರೆಗೆ ತೋರಿಸಿಕೊಳ್ಳಬೇಕೆಂದು ಅಮ್ಮ ನೆನಪಿಸಿದರೆ ಮಾತ್ರ, ಬಾಯ್ತುಂಬ ಗುಂಡುಪಿನ್ನು ಕಚ್ಚಿಕೊಂಡು ಉತ್ತರದಿಂದ ಪಾರಾಗುವಳು.

ಒಂದು ಚಳಿಗಾಲ ಅವಳ ಕೋಟಿನ ಕಾಲರು ಬಿಗಿಯಾಯಿತು. ಬೇರೆಯವರಾದರೆ ಕನ್ನಡಿ ನೋಡಿಕೊಳ್ಳುತ್ತಿದ್ದರು. ಇವಳು ನನ್ನನ್ನು ಬೈದಳು.

"ಬಿಸಿನೀರಲ್ಲಿ ಅದ್ದಿದ್ದೀಯಾ ಕಣೇ. ಉಣ್ಣೆ ಕುಗ್ಗಿದೆ."

"ನಿನ್ನ ಕೋಟು ಮುಟ್ಟೋ ಧೈರ್ಯ ಯಾರಿಗಿದೆ, ಮಾರಾಯ್ತಿ?"

ಗುಂಡಿಯನ್ನು ಒಂದು ನೂಲು ಆಚೆ ಸರಿಸಿದಳು. ಬೇಸಗೆಯ ಹೊತ್ತಿಗೆ ರವಿಕೆಯ ಕೊರಳೂ ಬಿಗಿಯಿತು. ಅದಕ್ಕೂ ಬಟ್ಟೆಯನ್ನೇ ದೂರಿದಳು. ತಡೆಯಲಾರದೆ ನಾನೇ ಅವಳ ಕೊರಳಿಗೆ ಅಳತೆಪಟ್ಟಿ ಸುತ್ತಿ, ತುದಿಯನ್ನು ಅವಳ ಕಣ್ಣೆದುರು ಹಿಡಿದೆ. ಓದಿದಳು. ಪಟ್ಟಿಯನ್ನು ತಾನೇ ಇನ್ನೊಮ್ಮೆ ಸುತ್ತಿ ಓದಿದಳು.

"ಬಟ್ಟೆ ಸರಿಯಾಗೇ ಇದೆ ಕಣೇ," ಎಂದಳು.

ಆಸ್ಪತ್ರೆಯ ಪರೀಕ್ಷೆಯಲ್ಲಿ ಕಂಡದ್ದು ಕೊರಳಿನ ಥೈರಾಯ್ಡ್ ಗ್ರಂಥಿಯ ಕ್ಯಾನ್ಸರ್. ಅಂದು ಕೊಟ್ಟ ವಿಕಿರಣವೇ ಕಾರಣವಿರಬಹುದು, ಈಗಲೇ ಶಸ್ತ್ರಚಿಕಿತ್ಸೆ ಮಾಡಿದರೆ ಗುಣವಾಗುವ ಸಾಧ್ಯತೆ ಹೆಚ್ಚು ಎಂದರು ವೈದ್ಯೆ. ಆ ವಿಕಿರಣಕ್ಕೆ ಒಪ್ಪಿಗೆ ಕೊಟ್ಟಿದ್ದ ಅಮ್ಮ ಸೆರಗಿನ ತುದಿಯನ್ನು ಹಿಂಡುತ್ತ, "ನಾನು ಆವತ್ತು ಬೇಡ ಅಂದಿದ್ರೆ..." ಎಂದಳು.

ಅಕ್ಕ ಎದ್ದು ವೈದ್ಯೆಯ ಆ ಪುಟ್ಟ ಕೋಣೆಯಲ್ಲೇ ಒಂದು ಸುತ್ತು ಹಾಕಿದಳು.

"ಬೇಡ ಅಂದಿದ್ರೆ ಈಗ ನಿನ್ನ ಜೊತೆ ಜಗಳ ಆಡೋಕೆ ಯಾರಿರ್ತಿದ್ರಮ್ಮ? ಸುಮ್ನಿರು. ಡಾಕ್ಟ್ರೇ, ಯಾವತ್ತು ಬರ್ಲಿ ಹೇಳಿ. ಹೊಲಿಗೆ ಮಾತ್ರ ನೇರ ಇರ್ಲಿ, ನನ್ನ ಗಿರಾಕಿಗಳು ಮೊದಲು ಅದನ್ನೇ ನೋಡೋದು."

ಒಮ್ಮೆ ಸಾವಿನಿಂದ ಮರಳಿದವರನ್ನು ಗೆದ್ದವರೆಂದು ಕರೆದು ನಾವು ನಿರಾಳರಾಗುತ್ತೇವೆ. ಅವರಿಗೆ ಆ ನಿರಾಳವಿಲ್ಲ. ಉಳಿಸಿದ ಮದ್ದಿಗೆ ಕೈಮುಗಿಯಲೂ ಆಗದೆ, ಅದನ್ನು ಶಪಿಸಲೂ ಆಗದೆ ಅವರು ಓಡಾಡುತ್ತಲೇ ಇರುತ್ತಾರೆ. ನಡುನಡುವೆ ನಿಂತು, ತಮ್ಮನ್ನು ಬದುಕಿಸಿಕೊಂಡವರ ಕಣ್ಣನ್ನೂ ತಾವೇ ಒರೆಸುತ್ತಾರೆ.